ಕೀಲಿ ಪಡೆದರೆ ಹೊಣೆಯೂ ನಮ್ಮದೇ

ಹೋಟೆಲ್ ಬಂಧುಗಳೇ,

ಗಿರಾಕಿಯ ಕಾರು ನಿಲ್ಲಿಸಲು ಹುಡುಗನನ್ನು ಇಟ್ಟು, ‘ವಾಹನಕ್ಕೆ ಮಾಲೀಕರೇ ಜವಾಬ್ದಾರರು’ ಎಂಬ ಬೋರ್ಡನ್ನೂ ತೂಗುಹಾಕುತ್ತೇವೆ. ಬೋರ್ಡು ಇದ್ದರೆ ಪಾರಾದೆವು ಎಂದು ನಮ್ಮಲ್ಲಿ ಅನೇಕರ ನಂಬಿಕೆ. ಅದು ಸರಿಯಲ್ಲ.

1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನ ವ್ಯಾಲೆಗೆ ಒಪ್ಪಿಸಿದ ಮಾರುತಿ ಝೆನ್ ಕಾರು ಕಳುವಾಯಿತು. ಹೊಣೆ ಕಾರಿನವರದೇ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2019ರ ನವೆಂಬರಿನಲ್ಲಿ ತೀರ್ಪು ಬಂತು: ಕೀಲಿ ಪಡೆದ ಮೇಲೆ ಕಾರು ಹೋಟೆಲಿನ ವಶದಲ್ಲಿದ್ದಂತೆ, ತನ್ನ ಅಜಾಗರೂಕತೆಗೆ ಚೀಟಿ ತೋರಿಸಿ ಹೋಟೆಲು ನುಣುಚಿಕೊಳ್ಳುವಂತಿಲ್ಲ. ಒಟ್ಟು 21 ವರ್ಷ! ಸಣ್ಣ ಹೋಟೆಲಿನವರು ಅಷ್ಟು ಕಾಲ ಕೋರ್ಟು ಅಲೆಯಲು ಸಾಧ್ಯವೇ?

ನಮ್ಮ ಅಭಿಪ್ರಾಯ ಇಷ್ಟೇ. ಗೇಟು, ಕಾವಲು ಇರುವ ಜಾಗ ಇಲ್ಲದವರು ಕೀಲಿ ಮುಟ್ಟುವುದೇ ಬೇಡ, ಗಿರಾಕಿಯೇ ನಿಲ್ಲಿಸಲಿ. ಪಡೆಯುವವರು ಕೀಲಿಯನ್ನು ಬಾಗಿಲ ಬಳಿಯ ಮೊಳೆಗೆ ನೇತುಹಾಕದೆ ಗಲ್ಲಾದ ಡ್ರಾಯರಿನಲ್ಲಿ ಬೀಗ ಹಾಕಿ ಇಡಲಿ. ಚೀಟಿ ನೋಡದೆ ಯಾರಿಗೂ ಕೊಡಬಾರದು. ಸೀಟಿನ ಮೇಲೆ ಬ್ಯಾಗು ಕಂಡರೆ ಒಳಗೆ ಒಯ್ಯಿರಿ ಎಂದು ಹುಡುಗ ಹೇಳಲಿ. ಕಳ್ಳ ಗಾಜು ಒಡೆಯುವುದು ಕಣ್ಣಿಗೆ ಬಿದ್ದ ವಸ್ತುವಿಗಾಗಿ.

ಇನ್ನೊಂದು ಮಾತು. ಕಾರು ಹೋದಾಗ ಎಲ್ಲರ ಬೆರಳು ಮೊದಲು ತೋರುವುದು ಊರಿಂದ ದುಡಿಯಲು ಬಂದ ಆ ಹುಡುಗನ ಕಡೆಗೆ. ನಷ್ಟವನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುವವರೂ ಇದ್ದಾರೆ. ಗಿರಾಕಿ ಕೀಲಿ ಕೊಟ್ಟದ್ದು ಹುಡುಗನ ಮುಖ ನೋಡಿ ಅಲ್ಲ, ನಮ್ಮ ಹೋಟೆಲಿನ ಹೆಸರು ನೋಡಿ. ಹಾಗಿರುವಾಗ ಹೊಣೆ ಮಾಲೀಕರದೇ.

ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ನಮ್ಮ ವಿನಂತಿ.