ಫೋಟೋ ಹಿಡಿದ್ರೆ ಪುಸ್ತಕ ಆಯ್ತದಾ?

ಶ್ರಾವಣ ಶನಿವಾರ ಬಂತಂದ್ರೆ ನಮ್ಮನೇಲಿ ಶನಿಮಹಾತ್ಮೆ ಓದ್ಸೋದು ಐತೆ. ಪಾವಗಡದ ಶನಿಮಹಾತ್ಮನ ಗುಡಿಗೆ ನಡ್ಕೊಳ್ಳೋ ಮನೆಗಳಲ್ಲಿ ಇದು ಹೊಸದೇನಲ್ಲ. ನಮ್ಮತ್ತೆ ಪದ್ಯ ಓದೋರು, ಪಕ್ಕದ ಬೀದಿ ದೊಡ್ಡಮ್ಮ ಅರ್ಥ ಹೇಳೋರು. ಹೋದ ವರ್ಷ ಪೊರೆ ತೆಗೆಸಿದ ಮೇಲೂ ಅತ್ತೆಗೆ ಸಣ್ಣಕ್ಷರ ಕಾಣ್ದಂಗಾಯ್ತು. ಪುಸ್ತಕವೋ, ಹಾಳೆ ಮುಟ್ಟಿದ್ರೆ ಹಪ್ಪಳದಂಗೆ ಮುರೀತದೆ. ಅಂಗಡೀಲಿ ಹೊಸದು ಸಿಕ್ತು, ಅಕ್ಷರ ಅಷ್ಟೇ ಸಣ್ಣದು. "ಇನ್ ನನ್ ಕೈಲಾಗಲ್ಲ, ನಿಲ್ಸಿಬಿಡ್ರಮ್ಮ" ಅಂದ್ಬಿಟ್ರು.

ನನ್ ತಮ್ಮ ಬೆಂಗಳೂರಿಂದ ಇ-ರೀಡರ್ ತಂದ್ಕೊಟ್ಟ. ಯಾರೋ ಸ್ಕ್ಯಾನ್ ಮಾಡಿದ್ದ ಪಿಡಿಎಫ್ ಹಾಕ್ಕೊಂಡ್ವಿ. ನೋಡಿದ್ರೆ ಬರೀ ಹಾಳೆಗಳ ಫೋಟೋ! ಅಕ್ಷರ ದೊಡ್ಡದು ಮಾಡಿದ್ರೆ ಅರ್ಧ ಸಾಲು ಪರದೆಯಿಂದಾಚೆ. ಸಾಲಿಗೊಂದ್ಸಲ ಬೆರಳಲ್ಲಿ ತಳ್ತಾ ಕೂತ್ರೆ ರಾಗ ಎಲ್ಲಿ ನಿಲ್ತದೆ? ಇನ್ನೊಂದು ಕಡತ ಹಳೇ ಫಾಂಟಿಂದು. ತೆರೆದ್ರೆ ಕನ್ನಡದ ಬದ್ಲು ಏನೇನೋ ಚಿಹ್ನೆ.

ಅದಕ್ಕೇ ನಾನು ಹೇಳೋದು, ಫೋಟೋ ಪುಸ್ತಕಾನ ಉಳಿಸ್ತದೆ, ಓದಿಸಲ್ಲ. ಯೂನಿಕೋಡಲ್ಲಿ ಟೈಪ್ ಮಾಡಿ ಇಪಬ್ ಮಾಡಿದ್ರೆ, ಅಕ್ಷರ ಎಷ್ಟು ದೊಡ್ಡದಾದ್ರೂ ಸಾಲು ತಾನೇ ಮಡಚ್ಕೊಂಡು ಕೆಳಗಿಳೀತದೆ. ವಚನಗಳಿಗೆ ಅಕ್ಷರವಾಗೋ ಭಾಗ್ಯ ಬಂದೈತೆ. 'ವಚನ ಸಂಚಯ'ದಲ್ಲಿ 20 ಸಾವಿರಕ್ಕೂ ಹೆಚ್ಚು ವಚನ ಹುಡುಕಿ ಓದಬಹುದು. ಯೆಹೂದಿಗಳೂ 2011ರಲ್ಲಿ ಶುರುವಾದ 'ಸೆಫಾರಿಯಾ'ದಲ್ಲಿ ತೋರಾ, ತಾಲ್ಮುದ್ ಎಲ್ಲಾ ಹಿಂಗೇ ಅಕ್ಷರವಾಗಿ, ಪುಕ್ಕಟೆ ಇಟ್ಟವ್ರೆ. ಅವ್ರಲ್ಲಿ ಮಡಿವಂತರು ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೂ ಇಂಥ ಯಂತ್ರ ಮುಟ್ಟಲ್ಲ, ಆವತ್ತು ಅಚ್ಚಿನ ಪುಸ್ತಕಾನೇ. ನಮಗೆ ಶನಿವಾರವೇ ಓದೋ ದಿನ, ಅಂಥ ಕಟ್ಟು ಇಲ್ಲ. ಆದ್ರೂ ಹಳೇ ಪುಸ್ತಕ ದೇವರ ಗೂಡಲ್ಲೇ ಇರ್ಲಿ ಕಣ್ರಮ್ಮ, ಅದರ ಜಾಗ ಅದಕ್ಕೆ.

ಕೊನೆಗೆ ನಾವೇ ಕೂತ್ವಿ. ರಾತ್ರಿ ಪಾತ್ರೆ ತೊಳೆದ ಮೇಲೆ ದಿನಕ್ಕೆರಡು ಹಾಳೆ. ನಾನು ಓದೋದು, ಮಗಳು ಮೊಬೈಲಲ್ಲಿ ಟೈಪ್ ಮಾಡೋದು. ಅತ್ತೆ ಗೋಡೆಗೊರಗಿ ಕಣ್ಮುಚ್ಚಿ ಕೇಳ್ತಿದ್ರು. ಒಂದಕ್ಷರ ತಪ್ಪಿದ್ರೆ "ಅಲ್ಲ ಕಣೇ, ಅಲ್ಲಿ ದೀರ್ಘ" ಅನ್ನೋರು. ಹಾಳೆ ಹರಿದು ಹೋಗಿದ್ದ ಕಡೆ ಬಾಯಲ್ಲೇ ತುಂಬ್ಸಿದ್ರು. ಆ ಸಾಲುಗಳು ಯಾವ ಸ್ಕ್ಯಾನಲ್ಲಿ ಸಿಕ್ತಿದ್ವು ನಂಗೆ?

ಮಧುಗಿರಿ, ಸಿರಾ, ಕೊರಟಗೆರೆ ಕಡೆ ಇರೋ ಅಕ್ಕತಂಗೀರೇ, ನಿಮ್ಮನೇಲೂ ಬಾಯಿಪಾಠ ಬರೋ ಒಬ್ರು ಇದ್ದೇ ಇರ್ತಾರೆ. ತಪ್ಪು ತಿದ್ದೋರು ಎದುರಿಗಿರೋವಾಗ್ಲೇ ಟೈಪ್ ಮಾಡ್ಕೊಳಿ. ಬರೆದೋರು ತೀರ್ಕೊಂಡು 60 ವರ್ಷ ಕಳೆದಿದ್ರೆ ಹಕ್ಕಿನ ತಕರಾರಿಲ್ಲ. ಈಚಿನೋರು ಬರೆದ ಅರ್ಥ, ಮುನ್ನುಡಿ ಬಿಟ್ಬಿಡಿ. ಯಂತ್ರ ಕೊಳ್ಳೋಕೆ ಮುಂಚೆ ಒಂದು ಕನ್ನಡ ಪುಟ ಹಾಕಿ, ಒತ್ತಕ್ಷರ ಸರಿಯಾಗಿ ಬರ್ತದಾ ನೋಡಿ.

ಈ ಶ್ರಾವಣಕ್ಕೆ ಬನ್ನಿ. ಅಕ್ಷರ ಹುಣಸೇಬೀಜದಷ್ಟು ದಪ್ಪ ಮಾಡಿಟ್ಟೀವಿ, ಅತ್ತೇನೇ ಓದ್ತಾರೆ.