ತುಲೂಸಿನ ಆರ್ಚ್‌ಬಿಷಪ್ ಸುಮ್ಮನಿರಲಿಲ್ಲ

ಫ್ರಾನ್ಸಿನ ತುಲೂಸ್ ನಗರದ ಆರ್ಚ್‌ಬಿಷಪ್ ಜೂಲ್ ಸಲಿಯೆಜ್ ಅವರಿಗೆ 1942ರಲ್ಲಿ 72 ವರ್ಷ. ಪಾರ್ಶ್ವವಾಯು ಹೊಡೆದು ವರ್ಷಗಳೇ ಆಗಿದ್ದವು. ಮಾತು ತೊದಲುತ್ತಿತ್ತು, ಹತ್ತಿರದವರಿಗಷ್ಟೇ ಅರ್ಥವಾಗುತ್ತಿತ್ತು. ಆ ವರ್ಷದ ಆಗಸ್ಟ್ 23ರ ಭಾನುವಾರ ಅವರ ಧರ್ಮಪ್ರಾಂತದ ಚರ್ಚುಗಳಲ್ಲಿ ಪಾದ್ರಿಗಳು ಅವರದೊಂದು ಪುಟ್ಟ ಪತ್ರ ಓದಿದರು. ಯೆಹೂದ್ಯರೂ ಮನುಷ್ಯರೇ, ನಮ್ಮ ಸೋದರರೇ. ಹೆಂಗಸರು ಮಕ್ಕಳನ್ನು ಮಂದೆಯಂತೆ ಅಟ್ಟಿ ಗುರುತಿಲ್ಲದ ಜಾಗಕ್ಕೆ ಸಾಗಿಸಲು ಯಾರಿಗೂ ಹಕ್ಕಿಲ್ಲ ಎಂಬುದು ಅದರ ಸಾರ. ಇಂಥ ಘೋರ ಕೃತ್ಯ ನಡೆಯುತ್ತಿರುವುದು ತಮ್ಮ ಧರ್ಮಪ್ರಾಂತದ ನೊಯೆ, ರೆಸೆಬೆದು ಶಿಬಿರಗಳಲ್ಲೇ ಎಂದು ಅವರು ಹೆಸರು ಹಿಡಿದು ಹೇಳಿದರು. ಪತ್ರ ಓದಕೂಡದೆಂದು ಆಡಳಿತ ಒತ್ತಡ ಹಾಕಿತು. ಬಹುಪಾಲು ಪಾದ್ರಿಗಳು ಓದಿಯೇಬಿಟ್ಟರು.

ಆ ಮಾತಿನ ತೂಕ ತಿಳಿಯಲು ಅಂದಿನ ಸ್ಥಿತಿ ನೆನೆಯಬೇಕು. ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಸುಮಾರು 13,000 ಯೆಹೂದ್ಯರನ್ನು ಹಿಡಿಯಲಾಗಿತ್ತು. ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳು. ಹಿಡಿದದ್ದು ಫ್ರಾನ್ಸಿನದೇ ಪೊಲೀಸರು. ಆಗಸ್ಟ್‌ನಲ್ಲಿ, ಜರ್ಮನ್ ಸೇನೆ ಇನ್ನೂ ಕಾಲಿಡದ ದಕ್ಷಿಣ ಭಾಗದಿಂದಲೂ, ನಾಜಿಗಳೊಡನೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ತಾನಾಗಿ ವಿದೇಶಿ ಯೆಹೂದ್ಯರನ್ನು ಒಪ್ಪಿಸುತ್ತಿತ್ತು.

ಒಂದು ವಾರದಲ್ಲೇ ಪಕ್ಕದ ಮೊಂತೊಬಾನ್‌ನ ಬಿಷಪ್ ಪಿಯೆರ್-ಮರಿ ತಿಯಾಸ್ ಕೂಡ ಪತ್ರ ಬರೆದರು. ಅಂಚೆಗೆ ಹಾಕಿದರೆ ಅಧಿಕಾರಿಗಳ ಕೈಸೇರುವ ಭಯ. ಮರಿ-ರೋಸ್ ಜಿನೆಸ್ತ್ ಎಂಬ ಮಹಿಳೆ ಸೈಕಲ್ ತುಳಿದು ಊರೂರಿನ ಚರ್ಚಿಗೆ ಪ್ರತಿ ತಲುಪಿಸಿದರು. ಸೆಪ್ಟೆಂಬರ್ ಮೊದಲ ವಾರ ವಿಶಿಯ ಪ್ರಧಾನಿ ಪಿಯೆರ್ ಲವಾಲ್, ಚರ್ಚಿನ ವಿರೋಧ ಎದ್ದಿರುವುದರಿಂದ ಯೆಹೂದ್ಯರನ್ನು ಒಪ್ಪಿಸುವ ಹೊಸ ಬೇಡಿಕೆಗಳನ್ನು ಒಡ್ಡಬೇಡಿ ಎಂದು ಜರ್ಮನ್ ಅಧಿಕಾರಿಗಳನ್ನು ಕೇಳಿಕೊಂಡ.

ಚರ್ಚಿನ ಮೌನವನ್ನು ಸಮರ್ಥಿಸುವವರ ಬಳಿ ಒಂದು ಗಟ್ಟಿ ಉದಾಹರಣೆಯಿದೆ. ಅದೇ ಜುಲೈನಲ್ಲಿ ನೆದರ್ಲೆಂಡ್ಸ್‌ನ ಬಿಷಪ್‌ಗಳು ಬಹಿರಂಗವಾಗಿ ಪ್ರತಿಭಟಿಸಿದರು. ಸೇಡಿಗೆಂದು ನಾಜಿಗಳು ಕ್ಯಾಥೊಲಿಕರಾಗಿ ಮತಾಂತರಗೊಂಡಿದ್ದ ಯೆಹೂದ್ಯರನ್ನೂ ಎಳೆದೊಯ್ದರು. ತತ್ವಜ್ಞಾನಿ, ಕನ್ಯಾಸ್ತ್ರೀ ಎಡಿತ್ ಸ್ಟೈನ್ ಆಗಸ್ಟ್‌ನಲ್ಲಿ ಆಶ್ವಿಟ್ಜ್‌ನಲ್ಲಿ ಸತ್ತದ್ದು ಹೀಗೆ. ಈ ದುಃಖವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಮತಾಂತರಗೊಳ್ಳದ ಡಚ್ ಯೆಹೂದ್ಯರ ಸಾಗಣೆ ಆ ಪ್ರತಿಭಟನೆಗೂ ಮೊದಲೇ ಆರಂಭವಾಗಿತ್ತು. ಬಿಷಪ್‌ಗಳು ಬಾಯಿ ಮುಚ್ಚಿಕೊಂಡಿದ್ದರೆ ಆ ಯೆಹೂದ್ಯರು ಉಳಿಯುತ್ತಿದ್ದರು ಎನ್ನಲು ಆಧಾರವೇ ಇಲ್ಲ.

ಬಹಿರಂಗ ಮಾತಿಗೆ ಇನ್ನೊಂದು ಫಲವೂ ಇತ್ತು. ಗುಟ್ಟಾಗಿ ನೆರವಾಗಲು ಹಿಂಜರಿಯುತ್ತಿದ್ದವರಿಗೆ ಅದು ಧೈರ್ಯ ಕೊಟ್ಟಿತು. ಜಾರ್ಜ್ ಗರೆಲ್ ಎಂಬ ಯೆಹೂದ್ಯ ಎಂಜಿನಿಯರ್ ಮಕ್ಕಳನ್ನು ಬಚ್ಚಿಡಲು ಜಾಗ ಹುಡುಕುತ್ತಾ ಸಲಿಯೆಜ್ ಅವರ ಬಳಿಗೇ ಬಂದರು. ಆರ್ಚ್‌ಬಿಷಪ್ ಶಿಫಾರಸಿನಿಂದ ಕ್ಯಾಥೊಲಿಕ್ ಸಂಸ್ಥೆಗಳ ಬಾಗಿಲು ತೆರೆಯಿತು. ಮಕ್ಕಳಿಗೆ ಹೊಸ ಹೆಸರು, ಹೊಸ ಗುರುತಿನ ಚೀಟಿ. ಆಡಳಿತವನ್ನು ಧಿಕ್ಕರಿಸಿದ ಹಿರಿಯನೊಬ್ಬ ಬೆನ್ನಿಗಿದ್ದಾನೆಂಬ ನಂಬಿಕೆಯಿಲ್ಲದೆ ಎಷ್ಟು ಮಠಗಳು ಈ ಅಪಾಯಕ್ಕೆ ಒಡ್ಡಿಕೊಳ್ಳುತ್ತಿದ್ದವು?

ಅಪಾಯವೇನು ಸಣ್ಣದಲ್ಲ. ಪ್ಯಾರಿಸ್ ಬಳಿಯ ಆವೊನ್‌ನ ಶಾಲೆಯಲ್ಲಿ ಫಾದರ್ ಜಾಕ್ ಎಂಬ ಕಾರ್ಮೆಲೈಟ್ ಸನ್ಯಾಸಿ ಮೂವರು ಯೆಹೂದ್ಯ ಹುಡುಗರನ್ನು ಬೇರೆ ಹೆಸರಿನಲ್ಲಿ ಸೇರಿಸಿಕೊಂಡಿದ್ದರು. 1944ರ ಜನವರಿಯಲ್ಲಿ ಗೆಸ್ಟಾಪೊ ನುಗ್ಗಿತು. ಹುಡುಗರು ಆಶ್ವಿಟ್ಜ್‌ನಲ್ಲಿ ಕೊಲೆಯಾದರು. ಫಾದರ್ ಜಾಕ್ ಮಾಟ್‌ಹೌಸೆನ್ ಶಿಬಿರದಿಂದ ಬಿಡುಗಡೆಯಾಗಿ ಕೆಲವೇ ವಾರಗಳಲ್ಲಿ ತೀರಿಕೊಂಡರು. ಆ ಶಾಲೆಯಲ್ಲೇ ಓದುತ್ತಿದ್ದ ಲೂಯಿ ಮಾಲ್ ಮುಂದೆ 1987ರಲ್ಲಿ ಇದನ್ನೇ ಸಿನಿಮಾ ಮಾಡಿದರು.

ಇಂಥವರ ಹೆಸರು ಹೇಳಿ ಇಡೀ ಚರ್ಚಿಗೆ ಕೀರ್ತಿ ಕಟ್ಟುವುದು ಮಾತ್ರ ಅನ್ಯಾಯ. 1940ರ ಅಕ್ಟೋಬರ್‌ನಲ್ಲಿ ವಿಶಿ ಸರ್ಕಾರ ಯೆಹೂದ್ಯರನ್ನು ಸರ್ಕಾರಿ ನೌಕರಿಯಿಂದ ಹೊರಗಟ್ಟಿದಾಗ ಬಿಷಪ್‌ಗಳು ಬಹಿರಂಗವಾಗಿ ಪ್ರತಿಭಟಿಸಲಿಲ್ಲ. ಸ್ಲೊವಾಕಿಯಾದಲ್ಲಿ 1942ರಲ್ಲಿ ಸುಮಾರು 58,000 ಯೆಹೂದ್ಯರನ್ನು ಸಾಗಹಾಕಿದ ಸರ್ಕಾರದ ಅಧ್ಯಕ್ಷ ಯೋಸೆಫ್ ತಿಸೊ ಸ್ವತಃ ಕ್ಯಾಥೊಲಿಕ್ ಪಾದ್ರಿ. ತಿಸೊ ತೊಟ್ಟದ್ದೂ ಸಲಿಯೆಜ್ ತೊಟ್ಟದ್ದೂ ಒಂದೇ ಧರ್ಮದ ನಿಲುವಂಗಿ. ಆದ್ದರಿಂದ ಮೆಚ್ಚುಗೆಯಾಗಲಿ ದೂರಾಗಲಿ ಹೆಸರು ಹಿಡಿದೇ ಸಲ್ಲಬೇಕು.

1997ರ ಸೆಪ್ಟೆಂಬರ್ 30ರಂದು ಫ್ರಾನ್ಸಿನ ಬಿಷಪ್‌ಗಳು ಆ ದೂರನ್ನು ತಾವೇ ಒಪ್ಪಿಕೊಂಡರು. ಮರಣಶಿಬಿರಗಳಿಗೆ ರೈಲುಗಳು ಹೊರಡುತ್ತಿದ್ದ ದ್ರಾನ್ಸಿಯಲ್ಲಿ ನಿಂತು, ತಮ್ಮ ಹಿಂದಿನವರ ಮೌನಕ್ಕೆ ಕ್ಷಮೆ ಬೇಡಿದರು. ಅಂದು ಮೌನವೇ ನಿಯಮವಾಗಿತ್ತು, ನೊಂದವರ ಪರ ಮಾತು ಅಪವಾದವಾಗಿತ್ತು ಎಂದು ಆ ಹೇಳಿಕೆ ಒಪ್ಪಿಕೊಂಡಿತು.