ಟಚ್‌ಪ್ಯಾಡ್ ಸರಿಯಿಲ್ಲ ಅಂತ ಲಿನಕ್ಸ್ ಬಿಟ್ಟವರ ಪರವಾಗಿ

ಲಿನಕ್ಸ್ ಬಗ್ಗೆ ನಮ್ಮ ಬ್ಲಾಗಿಗರು ಬರೆಯುವಾಗ ಸಾಮಾನ್ಯವಾಗಿ ಬರುವ ಮಾತು ಇವು: ಸ್ವಾತಂತ್ರ್ಯ, ಮುಕ್ತ ತಂತ್ರಾಂಶ, ವೈರಸ್ ಕಾಟ ಇಲ್ಲ, ದುಡ್ಡು ಕೊಡಬೇಕಿಲ್ಲ. ಎಲ್ಲಾ ನಿಜವೇ. ಆದರೆ ಲಿನಕ್ಸ್ ಹಾಕಿಸಿಕೊಂಡು ವಾರದೊಳಗೆ ವಾಪಸ್ ವಿಂಡೋಸ್‌ಗೆ ಹೋದವರನ್ನು ಒಮ್ಮೆ ಕೇಳಿ ನೋಡಿ. "ಬೆರಳಲ್ಲಿ ತಟ್ಟಿದ್ರೆ ಕ್ಲಿಕ್ಕೇ ಆಗಲ್ಲ ಸಾರ್", "ರೈಟ್ ಕ್ಲಿಕ್ ಎಲ್ಲೋಯ್ತೋ ಗೊತ್ತಿಲ್ಲ", "ಟೈಪ್ ಮಾಡ್ತಾ ಇದ್ರೆ ಕರ್ಸರ್ ಎಲ್ಲೆಲ್ಲೋ ಹಾರುತ್ತೆ". ಇದನ್ನು ಕೇಳಿ ನಗುವ ಲಿನಕ್ಸ್ ಪಂಡಿತರಿದ್ದಾರೆ. ನನಗೆ ನಗು ಬರುವುದಿಲ್ಲ. ಅವರು ಹೇಳುತ್ತಿರುವುದು ಸರಿ ಅಂತಲೇ ನನ್ನ ವಾದ.

ಈಗಲೇ ಇದನ್ನು ಬರೆಯಲು ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಟಿಪಿಎಂ 2.0 ಇಲ್ಲದ, ಪ್ರೊಸೆಸರ್ ಹಳೆಯದಾದ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ನಮ್ಮ ಉಪ್ಪಾರಪೇಟೆಯಲ್ಲಿ ಒಂದು ಸುತ್ತು ಹಾಕಿ. ಲಾಡ್ಜ್ ಕೌಂಟರ್, ಟ್ರಾವೆಲ್ಸ್‌ನವರ ಮೇಜು, ಹೋಲ್‌ಸೇಲ್ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ.. ಎಲ್ಲಾ ಕಡೆ ಇರುವುದು ಇಂಥ ಹಳೇ ಲ್ಯಾಪ್‌ಟಾಪುಗಳೇ. ಬಹಳಷ್ಟು ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದವು. ಇವುಗಳ ಮುಂದೆ ಮೂರು ದಾರಿ: ಗುಜರಿ, ಭದ್ರತೆ ಇಲ್ಲದ ಹಳೇ ವಿಂಡೋಸ್, ಇಲ್ಲಾ ಲಿನಕ್ಸ್. ಮೂರನೆಯದು ಗೆಲ್ಲಬೇಕಾದರೆ ಮೊದಲ ಐದು ನಿಮಿಷ ಚೆನ್ನಾಗಿರಬೇಕು. ಆ ಐದು ನಿಮಿಷದಲ್ಲಿ ಮನುಷ್ಯ ಮುಟ್ಟುವುದು ಟಚ್‌ಪ್ಯಾಡನ್ನು, ಕರ್ನೆಲ್ಲನ್ನಲ್ಲ :-)

ಹಿಂದಿನ ಕಾಲ ನೆನೆಸಿಕೊಂಡರೆ ಇವತ್ತಿನದು ಸ್ವರ್ಗ, ಒಪ್ಪಿದೆ. ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಎಂಬ ಕಡತದಲ್ಲಿ ಮೌಸ್ ಯಾವ ಪ್ರೋಟೋಕಾಲ್ ಮಾತಾಡುತ್ತದೆ ಅಂತ ನಾವೇ ಬರೆಯಬೇಕಿತ್ತು. 'ಪಿಎಸ್/2' ಅಂತ ಬರೆದರೆ ಬಾಣ ಓಡಾಡುತ್ತಿತ್ತು, ಚಕ್ರ ಸತ್ತಿರುತ್ತಿತ್ತು. 'ಐಎಂಪಿಎಸ್/2' ಅಂತ ಬರೆದು, ಜೊತೆಗೆ ಚಕ್ರಕ್ಕೆ 4, 5 ಅಂತ ಬಟನ್ ಸಂಖ್ಯೆ ಕೊಟ್ಟರೆ ಸ್ಕ್ರಾಲ್ ಆಗುತ್ತಿತ್ತು. ಟಚ್‌ಪ್ಯಾಡಿಗೆ ಸಿನಾಪ್ಟಿಕ್ಸ್ ಡ್ರೈವರ್, ಅದನ್ನು ತಿದ್ದಲು ಸಿನ್‌ಕ್ಲೈಂಟ್. ಕಡತದಲ್ಲಿ ಒಂದು ಸಾಲು ತಪ್ಪಿದರೆ ಕಪ್ಪು ಪರದೆ.

2014ರಲ್ಲಿ ಲಿಬ್‌ಇನ್‌ಪುಟ್ ಬಂತು. ಮೌಸ್, ಟಚ್‌ಪ್ಯಾಡ್, ಟಚ್‌ಸ್ಕ್ರೀನ್ ಎಲ್ಲದಕ್ಕೂ ಒಂದೇ ಲೈಬ್ರರಿ. ಸಿನಾಪ್ಟಿಕ್ಸ್ ಡ್ರೈವರಿನ ಆ ರಾಶಿ ಆಯ್ಕೆಗಳನ್ನು ಕಿತ್ತುಹಾಕಿ, ಹೆಚ್ಚಿನದನ್ನು ತಾನೇ ತೀರ್ಮಾನಿಸುವ ವ್ಯವಸ್ಥೆ. ಒಳ್ಳೆಯದೇ. ಆದರೆ ತೀರ್ಮಾನ ಅಂದಮೇಲೆ ಯಾರನ್ನು ಮನಸ್ಸಲ್ಲಿಟ್ಟುಕೊಂಡು ಅನ್ನೋ ಪ್ರಶ್ನೆ ಬರುತ್ತೆ ನೋಡಿ.

ತಟ್ಟಿದರೆ ಕ್ಲಿಕ್ ಆಗುವುದನ್ನೇ ತಗೊಳ್ಳಿ. ಒತ್ತುವ ಬಟನ್ ಇರುವ ಟಚ್‌ಪ್ಯಾಡುಗಳಲ್ಲಿ ಲಿಬ್‌ಇನ್‌ಪುಟ್ ಇದನ್ನು ಆಫ್ ಮಾಡಿಟ್ಟಿರುತ್ತದೆ. ಅವರು ಕೊಡುವ ಕಾರಣ ಇಷ್ಟು: ಗೊತ್ತಿಲ್ಲದವರಿಗೆ ಬೇಡದ ಕ್ಲಿಕ್‌ಗಳಾಗಿ ಕಂಪ್ಯೂಟರೇ ಕೆಟ್ಟಿದೆ ಅನಿಸುತ್ತದೆ, ಬೇಕಾದವರಿಗೆ ಎಲ್ಲಿ ಆನ್ ಮಾಡಬೇಕು ಅಂತ ಗೊತ್ತಿರುತ್ತದೆ ಅಥವಾ ಹುಡುಕಿಕೊಳ್ಳುತ್ತಾರೆ. ಹೊಸ ಲ್ಯಾಪ್‌ಟಾಪ್ ಕೊಂಡು ಇಂಗ್ಲಿಷಿನಲ್ಲಿ ಹುಡುಕಬಲ್ಲವರಿಗೆ ಈ ತರ್ಕ ಸರಿ. ನಾಲ್ಕು ಕೈ ಬದಲಾದ ಲ್ಯಾಪ್‌ಟಾಪಿನಲ್ಲಿ ಎಡ ಬಟನ್ ಸವೆದು ಒತ್ತಿದರೂ ಒತ್ತದ ಹಾಗಿರುತ್ತದೆ. ಲೈಬ್ರರಿಯ ಲೆಕ್ಕದಲ್ಲಿ ಬಟನ್ 'ಇದೆ', ಬಳಸುವವನ ಪಾಲಿಗೆ ಇಲ್ಲ. ಸೆಟ್ಟಿಂಗ್ಸ್ ತೆರೆಯಲಿಕ್ಕೂ ಅವನು ಪಕ್ಕದ ಅಂಗಡಿಯಿಂದ ಮೌಸ್ ಸಾಲ ತರಬೇಕು.

ಇನ್ನು ರೈಟ್ ಕ್ಲಿಕ್. ವಿಂಡೋಸ್‌ನಲ್ಲಿ ಪ್ಯಾಡಿನ ಬಲ ಕೆಳಮೂಲೆ ಒತ್ತಿ ಅಭ್ಯಾಸವಾದವರು ನಾವು. ಗ್ನೋಮ್ 2018ರ 3.28ರಿಂದ ಎರಡು ಬೆರಳಿಟ್ಟು ಒತ್ತುವುದನ್ನು ಡಿಫಾಲ್ಟ್ ಮಾಡಿತು. ಮೂಲೆ ಒತ್ತಿದರೆ ಬರುವುದು ಎಡ ಕ್ಲಿಕ್. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೂರು ಬೆರಳು ತಟ್ಟಿದರೆ ಮಧ್ಯದ ಬಟನ್, ಅದು ಆಯ್ಕೆ ಮಾಡಿದ ಪಠ್ಯವನ್ನು ಅಲ್ಲೇ ಅಂಟಿಸಿಬಿಡುತ್ತದೆ. ಬಿಲ್ಲಿನ ಮಧ್ಯೆ ಇನ್ಯಾರದೋ ವಿಳಾಸ ಬಂದು ಕೂತರೆ ದೆವ್ವ ಹೊಕ್ಕಿದೆ ಅಂದುಕೊಳ್ಳದೆ ಇನ್ನೇನು ಮಾಡಿಯಾರು?

ಕನ್ನಡ ಟೈಪ್ ಮಾಡುವವರ ಕಷ್ಟ ಇದಕ್ಕಿಂತ ಹೆಚ್ಚು. ಒಂದು 'ಸ್ತ್ರೀ' ಬರೆಯಲು ಎಷ್ಟು ಕೀ ಒತ್ತಬೇಕು ಲೆಕ್ಕ ಹಾಕಿ. ಅಂಗೈ ಪ್ಯಾಡಿಗೆ ತಾಗಿ ಕರ್ಸರ್ ಹಾರಿದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಟೈಪ್ ಮಾಡುವಾಗ ಟಚ್‌ಪ್ಯಾಡ್ ತಡೆಹಿಡಿಯುವ ಸೌಲಭ್ಯ ಲಿಬ್‌ಇನ್‌ಪುಟ್‌ನಲ್ಲಿ ತಾನಾಗೇ ಆನ್ ಇರುತ್ತದೆ, ಅದಕ್ಕೆ ಭೇಷ್ ಅನ್ನಲೇಬೇಕು. ಆದರೆ ಅದು ಲ್ಯಾಪ್‌ಟಾಪಿನದ್ದೇ ಕೀಬೋರ್ಡಿಗೆ ಮಾತ್ರ. ಕೀ ಕಿತ್ತುಹೋಗಿ ಯುಎಸ್‌ಬಿ ಕೀಬೋರ್ಡ್ ಹಾಕಿಕೊಂಡವರಿಗೆ ಆ ರಕ್ಷಣೆ ಇಲ್ಲ.

"ಅರ್ಧ ನಿಮಿಷದ ಕೆಲಸ, ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸಿಕೊಳ್ಳಲಿ" ಅಂತೀರಾ? ಗೊತ್ತಿದ್ದವರಿಗೆ ಅರ್ಧ ನಿಮಿಷ. ಗ್ನೋಮ್‌ನವರಿಗೇ 2024ರ ಮಾರ್ಚ್‌ನಲ್ಲಿ 46ನೇ ಆವೃತ್ತಿ ತರುವಾಗ ತಟ್ಟಿ ಕ್ಲಿಕ್ ಮಾಡುವುದನ್ನು ಡಿಫಾಲ್ಟ್ ಮಾಡಬೇಕು ಅನಿಸಿತು. ಕೆಲವು ಡಿಸ್ಟ್ರೋಗಳು ಅದಕ್ಕೂ ಮೊದಲೇ ತಾವಾಗಿ ಬದಲಿಸಿ ಕೊಡುತ್ತಿದ್ದವು. ಅಂದರೆ ದೂರು ಹೇಳಿದವರು ದಡ್ಡರಲ್ಲ ಅಂತಾಯಿತು. ಆದರೆ ಹಳೇ ಯಂತ್ರಕ್ಕೆ ಅಂತ ನಾವೇ ಶಿಫಾರಸು ಮಾಡುವ ಹಗುರ ಡೆಸ್ಕ್‌ಟಾಪುಗಳಲ್ಲಿ ಹಲವು ಕಡೆ ಈಗಲೂ ಕೈಯಾರೆ ಆನ್ ಮಾಡಬೇಕು.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳನ್ನು ನೋಡಿ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ (2017ರಿಂದ ಅದು ಕೈಟ್) ಶಾಲೆಗಳಿಗೆ ಲಿನಕ್ಸ್ ತಂದಿತು, ಐಸಿಟಿ ಪಠ್ಯಪುಸ್ತಕವನ್ನು ಕನ್ನಡದಲ್ಲೂ ಕೊಟ್ಟಿತು. ಆ ಮಕ್ಕಳಿಗೆ ಲಿನಕ್ಸ್ ಅಂದರೆ ಕಂಪ್ಯೂಟರ್, ಅಷ್ಟೇ. ಅವರೇನು ನಮಗಿಂತ ಬುದ್ಧಿವಂತರು ಅಂತಲ್ಲ. ಯಾರೋ ಮೊದಲು ಸರಿಮಾಡಿ ಕೊಟ್ಟರು, ಆಮೇಲೆ ಅವರ ಭಾಷೆಯಲ್ಲಿ ಹೇಳಿಕೊಟ್ಟರು. ನಮ್ಮಲ್ಲಿ ಇಲ್ಲದ್ದು ಇವೆರಡೇ.

ಹಾಗಾಗಿ ಇಷ್ಟು ಮಾಡೋಣ. ಯಾರಿಗಾದರೂ ಲಿನಕ್ಸ್ ಹಾಕಿಕೊಟ್ಟರೆ ಎದ್ದು ಬರುವ ಮೊದಲು ನಾಲ್ಕು ವಿಷಯ ನೋಡಿ: ತಟ್ಟಿದರೆ ಕ್ಲಿಕ್ ಆಗುತ್ತಾ, ರೈಟ್ ಕ್ಲಿಕ್ ಅವರ ಅಭ್ಯಾಸದಂತೆ ಬರುತ್ತಾ, ಸ್ಕ್ರಾಲ್ ದಿಕ್ಕು ಸರಿಯಿದೆಯಾ, ಎಡಗೈಯವರಾದರೆ ಬಟನ್ ಅದಲುಬದಲು ಮಾಡಿದ್ದೀರಾ. ಪರೀಕ್ಷೆಯನ್ನು ಅವರ ಬೆರಳಲ್ಲೇ ಮಾಡಿಸಿ, ನಿಮ್ಮ ಬೆರಳಲ್ಲಿ ಬೇಡ. ಆಮೇಲೆ ನಿಮ್ಮ ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಹಾಕಿ, ಏನು ಬದಲಿಸಿದಿರಿ ಅಂತ ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ. 'ತಟ್ಟು', 'ಒತ್ತು', 'ಎರಡು ಬೆರಳು' ಅಂತ ಜನ ಆಡುವ ಮಾತಲ್ಲೇ ಬರೆಯಿರಿ. ಸ್ವಾತಂತ್ರ್ಯದ ಬಗ್ಗೆ ಇನ್ನೊಂದು ಲೇಖನ ಬರೆಯುವುದಕ್ಕಿಂತ ಇದರಿಂದ ಹೆಚ್ಚು ಜನ ಲಿನಕ್ಸ್‌ನಲ್ಲಿ ಉಳಿಯುತ್ತಾರೆ ಅಂತ ನನ್ನ ನಂಬಿಕೆ.

ನಿಮ್ಮ ಯಂತ್ರದಲ್ಲಿ ಮೊದಲು ಕೈಕೊಟ್ಟಿದ್ದು ಯಾವುದು? ಏನು ಮಾಡಿದಿರಿ? ಹೇಳಿ, ಕೇಳೋಣ.